ಕಡಲ ತೀರಕ್ಕೆ ಮನೆ ಬದಲಿಸುವ ಮುನ್ನ

ಬೆಂಗಳೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ವಯಸ್ಸು 63, ಬ್ಯಾಂಕಿನಿಂದ ನಿವೃತ್ತರು. ಹತ್ತು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಪತ್ನಿಗೆ ಹಳೆಯ ಉಬ್ಬಸ. ಕಳೆದ ಡಿಸೆಂಬರಿನಲ್ಲಿ ಕುಂದಾಪುರದ ಹತ್ತಿರ ನೆಂಟರ ಮನೆಯಲ್ಲಿ ಹನ್ನೆರಡು ದಿನ ಇದ್ದರಂತೆ. ಅಷ್ಟು ದಿನವೂ ಪತ್ನಿಗೆ ಒಮ್ಮೆಯೂ ಉಸಿರು ಕಟ್ಟಲಿಲ್ಲ, ರಾತ್ರಿ ಎದ್ದು ಕೂರುವ ಪ್ರಮೇಯ ಬರಲಿಲ್ಲ. 'ಸಮುದ್ರದ ಗಾಳಿಯೇ ಔಷಧಿ ಎಂದು ಖಾತ್ರಿಯಾಯಿತು. ಇಲ್ಲಿಯ ಮನೆ ಮಾರಿ ಅಲ್ಲೇ ನೆಲೆಸಬೇಕೆಂದಿದ್ದೇವೆ. ತಮ್ಮ ಸಲಹೆ ಏನು?' ಎಂದು ಕೇಳಿದ್ದಾರೆ.

ನಿವೃತ್ತಿಯ ಹಣ ಕೈಗೆ ಬಂದ ಹೊತ್ತಿನಲ್ಲಿ ಈ ಪ್ರಶ್ನೆ ಹಲವು ಮನೆಗಳಲ್ಲಿ ಏಳುತ್ತದೆ. ಮನೆಯ ಬೆಲೆ, ಕಾಗದಪತ್ರಗಳನ್ನು ವಕೀಲರಿಗೆ ಬಿಡೋಣ. ದೇಹದ ಲೆಕ್ಕವನ್ನಷ್ಟೇ ಇಲ್ಲಿ ನೋಡೋಣ.

ಆ ಗೃಹಿಣಿಯ ಅನುಭವ ಸುಳ್ಳಲ್ಲ. ಸಮುದ್ರದ ಕಡೆಯಿಂದ ಬೀಸುವ ಗಾಳಿಯಲ್ಲಿ ಧೂಳು, ವಾಹನಗಳ ಹೊಗೆ, ಹೂವಿನ ಪರಾಗ ಕಡಿಮೆ. ಡಿಸೆಂಬರಿನ ಬೆಂಗಳೂರಿನಲ್ಲಿ ಚಳಿ, ಧೂಳು ಎರಡೂ ಇರುತ್ತವೆ. ಅಲ್ಲಿಂದ ಕರಾವಳಿಯ ಬೆಚ್ಚನೆಯ ಹವೆಗೆ ಇಳಿದವರಿಗೆ ಎದೆ ಹಗುರವಾಗುವುದು ಸಹಜ. ಆದರೆ ಅವರು ಕಂಡದ್ದು ಡಿಸೆಂಬರಿನ ಕರಾವಳಿಯನ್ನು ಮಾತ್ರ. ಜುಲೈ ತಿಂಗಳಿನದು ಬೇರೆಯೇ ಊರು ಎನ್ನಬೇಕು.

<b>ಮಳೆಗಾಲದ ಉಬ್ಬಸ</b>

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 1,000 ಮಿಲಿಮೀಟರ್ ಮಳೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ತೀರದಲ್ಲಿ ಅದು 3,500 ಮಿಲಿಮೀಟರಿಗೂ ಹೆಚ್ಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ. ಬಟ್ಟೆ ಒಣಗುವುದಿಲ್ಲ. ಗೋಡೆ, ಬೀರು, ಚಪ್ಪಲಿ, ಹಳೆಯ ಪುಸ್ತಕ ಎಲ್ಲದರ ಮೇಲೂ ಬೂಷ್ಟು ಏಳುತ್ತದೆ. ಈ ಬೂಷ್ಟಿನ ಕಣಗಳು ಉಸಿರಿನ ಜೊತೆ ಒಳಗೆ ಹೋದರೆ ಅಲರ್ಜಿ ಇರುವವರಿಗೆ ಉಬ್ಬಸ ಕೆರಳಬಹುದು.

ಇನ್ನೊಂದು ಶತ್ರು ಹಾಸಿಗೆಯಲ್ಲೇ ಇರುತ್ತದೆ. ಕಣ್ಣಿಗೆ ಕಾಣದ ಧೂಳುನುಸಿ ಎಂಬ ಜೀವಿ ಹಾಸಿಗೆ, ದಿಂಬು, ದಪ್ಪ ಪರದೆಗಳಲ್ಲಿ ವಾಸಿಸಿ, ನಮ್ಮ ಚರ್ಮದಿಂದ ಉದುರಿದ ಹೊಟ್ಟನ್ನು ತಿನ್ನುತ್ತದೆ. ಅದು ನೀರು ಕುಡಿಯುವುದಿಲ್ಲ, ಗಾಳಿಯಲ್ಲಿರುವ ತೇವವನ್ನೇ ಹೀರಿ ಬದುಕುತ್ತದೆ. ಒಣಹವೆಯಲ್ಲಿ ಸೊರಗುವ ಈ ನುಸಿ ತೇವದಲ್ಲಿ ಸೊಂಪಾಗಿ ಬೆಳೆಯುತ್ತದೆ. ಹೀಗಾಗಿ, ಪರಾಗ ಮತ್ತು ಹೊಗೆಯಿಂದ ಉಬ್ಬಸ ಬರುವವರಿಗೆ ಕಡಲ ತೀರ ಒಗ್ಗಬಹುದು. ನುಸಿ, ಬೂಷ್ಟುಗಳಿಂದ ಬರುವವರಿಗೆ ಅದೇ ಊರು ಮುಳುವಾಗಬಹುದು. ನಿಮ್ಮದು ಯಾವ ಬಗೆಯದೆಂದು ತಿಳಿಯಲು ಅಲರ್ಜಿ ಪರೀಕ್ಷೆ ಇದೆ. ಮನೆ ಮಾರುವ ಮೊದಲು ಅದನ್ನು ಮಾಡಿಸಿಕೊಳ್ಳುವುದು ಲೇಸು.

ಕೆಲವರು ಇನ್ನೊಂದು ತಪ್ಪು ಮಾಡುತ್ತಾರೆ. ಉಸಿರು ಸರಾಗವಾಯಿತೆಂದು ದಿನನಿತ್ಯದ ಇನ್‌ಹೇಲರನ್ನು ತಾವೇ ನಿಲ್ಲಿಸಿಬಿಡುತ್ತಾರೆ. ಅದರ ಫಲ ಕೆಲವು ವಾರಗಳ ನಂತರ, ಮಳೆಯ ನಡುರಾತ್ರಿಯಲ್ಲಿ ಕಾಣಿಸಿಕೊಳ್ಳಬಹುದು.

<b>ಆರದ ಬೆವರು</b>

ಇನ್ನು ಪತ್ರ ಬರೆದ ಮಹನೀಯರ ರಕ್ತದೊತ್ತಡ. ಏಪ್ರಿಲ್‌ನಲ್ಲಿ ಬೆಂಗಳೂರಿನ ಹಗಲಿನ ಉಷ್ಣತೆಯೂ ಮಂಗಳೂರಿನದೂ ಹೆಚ್ಚುಕಡಿಮೆ ಒಂದೇ, 33–34 ಡಿಗ್ರಿ ಸೆಲ್ಸಿಯಸ್. ಹಾಗಿದ್ದರೂ ಕರಾವಳಿಗೆ ಹೋದವರು 'ಸೆಕೆ, ಸೆಕೆ' ಎಂದು ಬೀಸಣಿಗೆ ಹುಡುಕುವುದೇಕೆ? ಮೈ ತಣ್ಣಗಾಗುವುದು ಬೆವರು ಹರಿಯುವುದರಿಂದಲ್ಲ, ಬೆವರು ಆರುವುದರಿಂದ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿದುಹೋಗುತ್ತದೆ. ದೇಹ ಇನ್ನಷ್ಟು ಬೆವರುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ರಾತ್ರಿಯಾದರೂ ತಂಪಾಗುತ್ತದೆ. ತೀರದಲ್ಲಿ ಬೇಸಿಗೆಯ ರಾತ್ರಿಯೂ ದೇಹಕ್ಕೆ ಬಿಡುವು ಸಿಗುವುದು ಕಷ್ಟ.

ಬೆವರಿನೊಡನೆ ನೀರೂ ಉಪ್ಪಿನಂಶವೂ ಹೋಗುತ್ತವೆ. ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರದ ಮೂಲಕ ಇವೆರಡನ್ನೂ ಹೊರಹಾಕುವಂಥವು. ಎರಡೂ ಸೇರಿದಾಗ ರಕ್ತದಲ್ಲಿ ಸೋಡಿಯಂ ಇಳಿದು ಸುಸ್ತು, ತಲೆಸುತ್ತು, ಗೊಂದಲದ ಮಾತು ಕಾಣಿಸಬಹುದು. 'ವಯಸ್ಸಾಯಿತು, ಮರೆವು' ಎಂದು ಮನೆಯವರು ಇದನ್ನು ತಳ್ಳಿಹಾಕುವುದುಂಟು. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಹಾಗೆಂದು ಮಾತ್ರೆ ಬಿಡುವುದಾಗಲಿ, ಪಾನಕಕ್ಕೆ ಉಪ್ಪು ಬೆರೆಸಿ ಕುಡಿಯುವುದಾಗಲಿ ಸಲ್ಲದು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ನೀರಿನ ಅಳತೆಯನ್ನೂ ವೈದ್ಯರೇ ಹೇಳಬೇಕು. ಊರು ಬದಲಿಸಿದ ಎರಡು–ಮೂರು ವಾರಗಳ ಬಳಿಕ ರಕ್ತದೊತ್ತಡವನ್ನು ಕುಳಿತು ಮತ್ತು ನಿಂತು ಅಳೆಯಿಸಿ, ಸೋಡಿಯಂ ಪರೀಕ್ಷೆ ಮಾಡಿಸಿದರೆ ಮಾತ್ರೆಯ ಪ್ರಮಾಣ ಹೊಂದಿಸಬಹುದು. ತೀರಕ್ಕೆ ತೀರಾ ಹತ್ತಿರದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ಮನೆ ನೋಡಲು ಹೋದಾಗ ಬಾವಿಯ ನೀರಿನ ರುಚಿಯನ್ನು ಮೇ ತಿಂಗಳಲ್ಲಿ ನೋಡಿ.

ಮಧುಮೇಹಿಗಳಿಗೂ ಒಂದೆರಡು ಮಾತು. ತೊಡೆಸಂದು, ಕಂಕುಳು, ಕಾಲ್ಬೆರಳ ಸಂದುಗಳಲ್ಲಿ ತೇವ ನಿಂತರೆ ಹುಳುಕಡ್ಡಿ ಬೇಗ ಹತ್ತುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ನಿಲ್ಲಿಸಿ, ರೋಗವನ್ನು ಬೇರೂರಿಸುತ್ತದೆ. ಸಕ್ಕರೆ ಅಳೆಯುವ ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹೀರಿ ತಪ್ಪು ಅಂಕಿ ತೋರಿಸಬಹುದು. ಗಾಳಿಮಳೆಗೆ ವಿದ್ಯುತ್ ಹೋಗಿ ಫ್ರಿಜ್ ನಿಂತರೆ ಇನ್ಸುಲಿನ್ ಎಲ್ಲಿಡುವುದೆಂದು ಮೊದಲೇ ಯೋಚಿಸಿರಬೇಕು. ಬಿಸಿಲು ತಾಗದ ಮೂಲೆಯಲ್ಲಿ, ತಣ್ಣೀರಿನ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟು ತಾತ್ಕಾಲಿಕವಾಗಿ ಕಾಪಾಡಬಹುದು.

ಕಾಲಿನಲ್ಲಿ ಗಾಯವಿದ್ದು ನಿಂತ ನೀರಿನಲ್ಲಿ ನಡೆದರೆ ಇಲಿಜ್ವರದ ಭಯವಿದೆ. ಮಂಗಳೂರನ್ನು 1990ರ ದಶಕದಲ್ಲಿ ಕಾಡಿದ ಮಲೇರಿಯಾ ಈಗ ಬಹಳ ಇಳಿದಿದೆ, ಆದರೂ ಸೊಳ್ಳೆಪರದೆ ಬೇಡವೆನ್ನುವಂತಿಲ್ಲ. ಇವೆಲ್ಲಕ್ಕಿಂತ ನನಗೆ ಹೆಚ್ಚು ಹೆದರಿಕೆ ಅಂಗಳದ ಹಾವಸೆಯದು. ಅಲ್ಲಿ ಹುಟ್ಟಿ ಬೆಳೆದವರ ಕಾಲಿಗೆ ಆ ಅಂಗಳ ಗೊತ್ತು. ಬಯಲುಸೀಮೆಯಿಂದ ಹೋದ ಅರವತ್ತು ದಾಟಿದವರು ಒಮ್ಮೆ ಜಾರಿದರೆ ಸೊಂಟದ ಮೂಳೆ ಮುರಿಯಬಹುದು. ಬಾವಿಕಟ್ಟೆಗೂ ಬಚ್ಚಲಿಗೂ ಹೋಗುವ ದಾರಿ ಒರಟಾಗಿರಲಿ, ಹಿಡಿಯಲು ಆಧಾರವಿರಲಿ.

<b>ಆಸ್ಪತ್ರೆ ಎಷ್ಟು ದೂರ?</b>

ಮಂಗಳೂರು, ಮಣಿಪಾಲಗಳ ಆಸುಪಾಸಿನಲ್ಲಿ ದೊಡ್ಡ ಆಸ್ಪತ್ರೆಗಳ ಕೊರತೆಯಿಲ್ಲ. ಉತ್ತರಕ್ಕೆ ಹೋದಂತೆ ಮಾತು ಬೇರೆ. ಉತ್ತರ ಕನ್ನಡದ ತೀರದವರು ಕಠಿಣ ಕಾಯಿಲೆಗಳಿಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವುದು ಇಂದಿಗೂ ತಪ್ಪಿಲ್ಲ. ಪಾರ್ಶ್ವವಾಯು ಬಡಿದಾಗ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೃದಯಾಘಾತದಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ನಕಾಶೆಯ ಕಿಲೋಮೀಟರ್ ನೋಡಿ ಸಮಾಧಾನಪಡಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ಹಲವು ದಿನ ಮುಚ್ಚಿತ್ತು. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಬೇಕಾದವರು ಇದನ್ನು ಮೊದಲು ಯೋಚಿಸಬೇಕು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಾರು ಓಡಿಸಲು ಬಂದರೆ, ಅವರೇ ಹಾಸಿಗೆ ಹಿಡಿದ ದಿನ ಯಾರನ್ನು ಕರೆಯುವುದು ಎಂಬುದಕ್ಕೂ ಉತ್ತರವಿರಬೇಕು.

ಹಾಗಾದರೆ ಹೋಗಲೇಬಾರದೆ? ಹಾಗೇನಿಲ್ಲ. ಕರಾವಳಿಯಲ್ಲಿ ತೊಂಬತ್ತು ದಾಟಿ ಗಟ್ಟಿಮುಟ್ಟಾಗಿರುವ ಅಜ್ಜಂದಿರು ಎಷ್ಟೋ ಮಂದಿ ಇದ್ದಾರೆ. ನನ್ನ ಸಲಹೆ ಇಷ್ಟೆ: ಬೆಂಗಳೂರಿನ ಮನೆಯನ್ನು ಈಗಲೇ ಮಾರಬೇಡಿ. ಬಾಡಿಗೆ ಮನೆ ಹಿಡಿದು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅಲ್ಲಿರಿ. ಸೆಕೆಯೂ ತುಳುವರ ಆಟಿ ತಿಂಗಳ ಮಳೆಯೂ ಅದರೊಳಗೆ ಬಂದುಹೋಗುತ್ತವೆ. ನೆಂಟರ ಮನೆಯಲ್ಲಿ ಅತಿಥಿಗಳಾಗಿ ಅಲ್ಲ, ನೀವೇ ಅಡುಗೆ ಮಾಡಿ, ಬಟ್ಟೆ ಒಗೆದು ಒಣಗಿಸಿಕೊಂಡು ಇರಿ. ಒಂದು ನೋಟ್ ಪುಸ್ತಕದಲ್ಲಿ ದಿನವೂ ಮೂರು ವಿಷಯ ಬರೆದಿಡಿ: ಪತ್ನಿಗೆ ತುರ್ತು ಇನ್‌ಹೇಲರ್ ಎಷ್ಟು ಬಾರಿ ಬೇಕಾಯಿತು, ರಾತ್ರಿ ನಿದ್ದೆ ಎಷ್ಟು, ನಿಮ್ಮ ರಕ್ತದೊತ್ತಡ ಎಷ್ಟು. ಸೆಪ್ಟೆಂಬರಿನಲ್ಲಿ ಆ ಪುಸ್ತಕವನ್ನು ನಿಮ್ಮ ವೈದ್ಯರಿಗೆ ತೋರಿಸಿ.

ನಿಮ್ಮ ಪತ್ರದಲ್ಲಿ ಪತ್ನಿಯವರ ಉಬ್ಬಸದ ವಿಚಾರ ವಿವರವಾಗಿದೆ. ಮೂವತ್ತು ವರ್ಷದ ನೆರೆಹೊರೆ, ಭಜನೆಯ ಗೆಳತಿಯರು, ಮೊಮ್ಮಕ್ಕಳನ್ನು ಬಿಟ್ಟು ಹೋಗಲು ಅವರಿಗೆ ಇಷ್ಟವಿದೆಯೇ ಎಂಬುದನ್ನು ಮಾತ್ರ ಬರೆದಿಲ್ಲ. ಬಾಡಿಗೆ ಮನೆ ಹುಡುಕುವ ಮೊದಲು ಅದನ್ನು ಅವರಲ್ಲೇ ಕೇಳಿ.