ನಿಂತ ಓದನ್ನು ಮುಗಿಸಿ ಕಸುಬಿನ ಸರ್ಟಿಫಿಕೇಟು ಪಡೆಯುವ ದಾರಿ



ಮಾರ್ಚಿಯಲ್ಲಿ ಹೂಮಳೆ ಬಾರದೆ ರೋಬಸ್ಟಾ ತೋಟಕ್ಕೆ ತುಂತುರು ನೀರು ಕೊಡುವ ಹೊತ್ತಿಗೇ ಪಂಪಿನ ಮೋಟಾರು ಸುಟ್ಟುಹೋಗುವುದು ನಮಗೆ ಹೊಸದಲ್ಲ. ಪೇಟೆಯ ಮೆಕ್ಯಾನಿಕ್ ಬರಲು ಎರಡು ದಿನ ಬೇಕು. ಅಷ್ಟರಲ್ಲಿ ಊರಿನ ಒಬ್ಬ ಹುಡುಗನೇ ಬಂದು ಬಿಚ್ಚಿ ಸರಿಮಾಡಿಕೊಡುತ್ತಾನೆ. ಇಂಥವರು ಊರಿಗೊಬ್ಬರಾದರೂ ಇದ್ದಾರೆ. ವಯಸ್ಸು ಇಪ್ಪತ್ತೈದೋ ಮೂವತ್ತೋ ಆಗಿರುತ್ತದೆ. ಕೇಳಿದರೆ, “ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಹೋಯಿತು, ತೋಟದ ಕೆಲಸ ಬಂತು, ಅಲ್ಲಿಗೇ ಬಿಟ್ಟೆ” ಎನ್ನುತ್ತಾರೆ.

ಕೆಲಸ ಬರುವಾಗ ಕಾಗದ ಏಕೆ ಎಂದು ಕೇಳಬಹುದು. ವಿದ್ಯುತ್ ವೈರಿಂಗ್ ಕೆಲಸವನ್ನು ಪರವಾನಗಿ ಉಳ್ಳವರೇ ಮಾಡತಕ್ಕದ್ದೆಂದು ಕಾನೂನಿದೆ. ಹುಡುಗ ತಂತಿ ಎಳೆದರೂ ಕೆಲಸ ಮುಗಿದ ವರದಿಗೆ ಸಹಿ ಹಾಕುವವರು ಬೇರೆಯವರು. ಮಜೂರಿಯಲ್ಲಿ ಒಂದು ಪಾಲು ಅವರಿಗೆ ಹೋಗುತ್ತದೆ. ಕಾರ್ಖಾನೆಯ ಬಾಗಿಲಲ್ಲೂ ಮೊದಲು ಕೇಳುವುದು ಸರ್ಟಿಫಿಕೇಟನ್ನೇ.

ವಯಸ್ಸು ಅಡ್ಡಿಯಲ್ಲ

ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದವರು ಎಲ್ಲ ವಿಷಯಗಳನ್ನೂ ಮತ್ತೆ ಬರೆಯಬೇಕಾಗಿಲ್ಲ. ಹೋದ ವಿಷಯ ಬರೆದರೆ ಸಾಕು. ಹಳೆಯ ಅಂಕಪಟ್ಟಿಯೊಡನೆ ತಾವು ಓದಿದ ಶಾಲೆಗೆ ಹೋಗಿ, ಯಾವ ಪಠ್ಯಕ್ರಮದಲ್ಲಿ ಬರೆಯಬೇಕೆಂದು ಮೊದಲು ವಿಚಾರಿಸಬೇಕು. ಹತ್ತನೆಯ ತರಗತಿಗೇ ಹೋಗದವರಿಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ಅವಕಾಶವಿದೆ.

ಎರಡನೆಯ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯದು. 1989ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಹತ್ತನೆಯ ತರಗತಿಗೆ ಸಮನಾದ ಇದರ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿಯಿಲ್ಲ. 5 ವಿಷಯಗಳಲ್ಲಿ ತೇರ್ಗಡೆಯಾಗಬೇಕು. 5 ವರ್ಷಗಳಲ್ಲಿ 9 ಸಲ ಪ್ರಯತ್ನಿಸಬಹುದು. ಹಿಂದೆ ನಮ್ಮ ಮಂಡಳಿಯ ಪರೀಕ್ಷೆಯಲ್ಲಿ ಪಾಸಾದ 2 ವಿಷಯಗಳವರೆಗಿನ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲು ಅವಕಾಶವುಂಟು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆಯೆಂದು ಅನೇಕರು ಗಣಿತವನ್ನೇ ಬಿಟ್ಟುಬಿಡುತ್ತಾರೆ. ಆದರೆ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ (ಐ.ಟಿ.ಐ.) ಎಲೆಕ್ಟ್ರೀಶಿಯನ್, ಫಿಟ್ಟರ್ ಕಸುಬುಗಳಿಗೆ ಹತ್ತನೆಯಲ್ಲಿ ಗಣಿತ, ವಿಜ್ಞಾನ ಎರಡೂ ಇರಬೇಕು. ಎರಡು ವರ್ಷ ಓದಿ ಪಾಸಾದ ಮೇಲೆ ಈ ಬಾಗಿಲು ಮುಚ್ಚಿದೆಯೆಂದು ತಿಳಿದರೆ ಪ್ರಯೋಜನವಿಲ್ಲ. ಕಸುಬನ್ನು ಮೊದಲು ನಿಶ್ಚಯಿಸಿ, ಆಮೇಲೆ ವಿಷಯಗಳನ್ನು ಆರಿಸಬೇಕು. ವೆಲ್ಡರ್, ವೈರ್‌ಮನ್‌ನಂಥ ಕಸುಬುಗಳಿಗೆ ಎಂಟನೆಯ ತರಗತಿಯೇ ಸಾಕು. ಐ.ಟಿ.ಐ.ಗೂ ಗರಿಷ್ಠ ವಯಸ್ಸಿನ ಮಿತಿಯಿಲ್ಲ.

ಯಾವಾಗ ಓದುವುದು?

ನಮ್ಮವರು ಸೋಲುವುದು ಇಲ್ಲಿ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೋಬಸ್ಟಾ, ನಡುವೆ ಅಡಿಕೆ ಸುಲಿತ. ಎಸ್.ಎಸ್.ಎಲ್.ಸಿ. ಮುಖ್ಯ ಪರೀಕ್ಷೆ ಮಾರ್ಚಿ-ಏಪ್ರಿಲ್. ಓದಬೇಕಾದ ತಿಂಗಳುಗಳೆಲ್ಲ ಕೆಲಸದ ತಿಂಗಳುಗಳೇ. ಆದ್ದರಿಂದ ಅಡಿಕೆಗೆ ಮೊದಲ ಬೋರ್ಡೋ ಸಿಂಪಡಣೆ ಮುಗಿದೊಡನೆ, ಮಳೆಗಾಲದ ಸಂಜೆಗಳಲ್ಲಿ ಗಣಿತ ಹಿಡಿಯುವುದು ಮೇಲು. ಮುಕ್ತ ಶಾಲೆಯವರು ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತಾರೆ. ಅಕ್ಟೋಬರ್-ನವೆಂಬರಿನದು ಕೊಯ್ಲು ಬಿರುಸಾಗುವ ಮುನ್ನವೇ ಬರುವುದರಿಂದ ನಮಗೆ ಅನುಕೂಲ.

ಅಪ್ರೆಂಟಿಸ್ ತರಬೇತಿ

ಎಲೆಕ್ಟ್ರೀಶಿಯನ್, ಫಿಟ್ಟರ್ ತರಬೇತಿ 2 ವರ್ಷ, ವೆಲ್ಡರ್ 1 ವರ್ಷ. ಐ.ಟಿ.ಐ. ಮುಗಿಸಿದವರು 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯಲ್ಲಿ ಕಲಿಯಬಹುದು. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮಗಳಲ್ಲಿ ಕನಿಷ್ಠ ಶಿಷ್ಯವೇತನವನ್ನು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ನಿಗದಿಮಾಡಲಾಯಿತು. ಸೇರುವಾಗ ಆಗಿನ ದರವನ್ನು ಕೇಳಿ ತಿಳಿಯಬೇಕು.

ಒಪ್ಪಂದವು ಸರ್ಕಾರದ ಅಪ್ರೆಂಟಿಸ್ ಜಾಲತಾಣದಲ್ಲಿ ನೋಂದಣಿಯಾಗಿದೆಯೇ ಎಂದು ನೋಡುವುದು ಬಹು ಮುಖ್ಯ. ನನ್ನ ಪರಿಚಯದ ಯುವಕನೊಬ್ಬ ಒಂದೂವರೆ ವರ್ಷ “ಅಪ್ರೆಂಟಿಸ್” ಎಂದು ದುಡಿದ. ನೋಂದಣಿಯೇ ಆಗಿರಲಿಲ್ಲ, ಸರ್ಟಿಫಿಕೇಟೂ ಬರಲಿಲ್ಲ. ಅಲ್ಲದೆ ಅಪ್ರೆಂಟಿಸ್ ಕಾನೂನಿನ ದೃಷ್ಟಿಯಲ್ಲಿ ಕಲಿಯುವವನು, ನೌಕರನಲ್ಲ. ತರಬೇತಿ ಮುಗಿದೊಡನೆ ಅಲ್ಲೇ ಕೆಲಸ ಸಿಕ್ಕೀತೆಂಬ ಭರವಸೆಯಿಲ್ಲ. ಕೊನೆಯ ಪರೀಕ್ಷೆ ಪಾಸುಮಾಡಿ ಪಡೆಯುವ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟು ಮಾತ್ರ ದೇಶದಲ್ಲೆಲ್ಲ ನಡೆಯುತ್ತದೆ.

ನಾವು ಮಾಡಬೇಕಾದದ್ದು

ಹುಡುಗ ಸರ್ಟಿಫಿಕೇಟು ಪಡೆದರೆ ಊರು ಬಿಟ್ಟಾನೆಂಬ ಅಳುಕು ಕೆಲವರಿಗಿದೆ. ಕೆಲವರು ಹೋಗುವುದು ನಿಜ. ಆದರೆ ಕೂಲಿಯ ಹೊರತು ಬೇರೆ ಗತಿಯಿಲ್ಲವೆಂದು ಬೇಸತ್ತವನೂ ಒಂದು ದಿನ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಕಸುಬಿನ ಜೊತೆ ಕಾಗದವೂ ಇದ್ದವನಿಗೆ ಊರಲ್ಲೇ ಅಂಗಡಿ ಇಟ್ಟು ಬದುಕುವ ದಾರಿಯಾದರೂ ಇರುತ್ತದೆ. ಮನೆಯ ಮಗನಿರಲಿ, ತೋಟದ ಆಳಿನ ಮಗಳಿರಲಿ, ಪರೀಕ್ಷೆಯ ವಾರ ಕೆಲಸಕ್ಕೆ ಕರೆಯದಿರುವುದು ನಮ್ಮ ಕೈಯಲ್ಲೇ ಇದೆ. ಈ ಮಳೆಗಾಲಕ್ಕೆ ಮುಂಚೆ ಹಳೆಯ ಅಂಕಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆಸಿ ನೋಡಿರಿ.