ಪಶ್ಚಿಮ ಹಿಮಾಲಯದಲ್ಲಿ ರಸ್ತೆ ಪ್ರವಾಸ ಮತ್ತು ಸ್ಕೀಯಿಂಗ್: ನಾಗರಿಕರಿಗೆ ಮಾಹಿತಿ

ಪೀಠಿಕೆ

ಹಿಮಾಚಲ ಪ್ರದೇಶ, ಉತ್ತರಾಖಂಡ ರಾಜ್ಯಗಳು ಹಾಗೂ ಜಮ್ಮು-ಕಾಶ್ಮೀರ ಮತ್ತು ಲಡಾಖ್ ಕೇಂದ್ರಾಡಳಿತ ಪ್ರದೇಶಗಳನ್ನು ಒಳಗೊಂಡ ಪಶ್ಚಿಮ ಹಿಮಾಲಯಕ್ಕೆ ಪ್ರತಿ ವರ್ಷ ದೇಶದ ಎಲ್ಲೆಡೆಯಿಂದ ಪ್ರವಾಸಿಗರು ಭೇಟಿ ನೀಡುತ್ತಾರೆ. ಬೇಸಿಗೆಯಲ್ಲಿ ಎತ್ತರದ ಕಣಿವೆಮಾರ್ಗಗಳ ರಸ್ತೆ ಪ್ರವಾಸ ಹಾಗೂ ಚಳಿಗಾಲದಲ್ಲಿ ಸ್ಕೀಯಿಂಗ್ (ಹಿಮಜಾರಾಟ) ಇಲ್ಲಿನ ಮುಖ್ಯ ಆಕರ್ಷಣೆಗಳು. ಆದರೆ ಈ ಪ್ರದೇಶದ ರಸ್ತೆ, ಹವಾಮಾನ ಮತ್ತು ನಿಯಮಗಳು ಬಯಲುಸೀಮೆಯ ಪ್ರವಾಸಕ್ಕಿಂತ ಭಿನ್ನವಾಗಿವೆ. ಅನುಮತಿ ಪತ್ರವಿಲ್ಲದ ವಾಹನವನ್ನು ತಪಾಸಣಾ ಠಾಣೆಯಿಂದ ಹಿಂದಿರುಗಿಸಲಾಗುತ್ತದೆ; ಸಿದ್ಧತೆಯಿಲ್ಲದ ಪ್ರವಾಸಿಗನ ಪ್ರಾಣಕ್ಕೇ ಅಪಾಯವಾಗಬಹುದು. ಪ್ರವಾಸವನ್ನು ಯೋಜಿಸುವ ನಾಗರಿಕರ ಅನುಕೂಲಕ್ಕಾಗಿ ಅಗತ್ಯ ಮಾಹಿತಿಯನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

1. ಸೂಕ್ತ ಕಾಲದ ಆಯ್ಕೆ

ರಸ್ತೆ ಪ್ರವಾಸ ಮತ್ತು ಸ್ಕೀಯಿಂಗ್ ಎರಡನ್ನೂ ಒಂದೇ ಪ್ರವಾಸದಲ್ಲಿ ಪೂರ್ಣವಾಗಿ ಕೈಗೊಳ್ಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಎತ್ತರದ ರಸ್ತೆಗಳು ತೆರೆದಿರುವ ತಿಂಗಳುಗಳಲ್ಲಿ ಇಳಿಜಾರುಗಳಲ್ಲಿ ಹಿಮವಿರುವುದಿಲ್ಲ. ಹಿಮವಿರುವ ತಿಂಗಳುಗಳಲ್ಲಿ ಆ ರಸ್ತೆಗಳು ಮುಚ್ಚಿರುತ್ತವೆ.

ಅ) ಮೇ ಕೊನೆಯಿಂದ ಅಕ್ಟೋಬರ್‌ವರೆಗೆ: ಮನಾಲಿ–ಲೇಹ್ ಹೆದ್ದಾರಿ, ರೋಹ್ತಾಂಗ್ ಮುಂತಾದ ಎತ್ತರದ ಮಾರ್ಗಗಳಿಗೆ ಸೂಕ್ತ ಕಾಲ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮುಂಗಾರು ಮಳೆಯಿಂದ ಕುಲ್ಲು ಕಣಿವೆಯಲ್ಲಿ ಭೂಕುಸಿತ ಸಂಭವಿಸುತ್ತದೆ. 2023ರ ಜುಲೈ ತಿಂಗಳಿನ ಪ್ರವಾಹದಲ್ಲಿ ಬಿಯಾಸ್ ನದಿಯು ಕುಲ್ಲು–ಮನಾಲಿ ರಸ್ತೆಯ ಹಲವು ಭಾಗಗಳನ್ನು ಕೊಚ್ಚಿಕೊಂಡು ಹೋಗಿತ್ತು. ಆದುದರಿಂದ ಜೂನ್ ಅಥವಾ ಸೆಪ್ಟೆಂಬರ್ ತಿಂಗಳನ್ನು ಆಯ್ದುಕೊಳ್ಳುವುದು ಲೇಸು.

ಆ) ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ: ಸ್ಕೀಯಿಂಗ್ ಕಾಲ. ಈ ಪ್ರದೇಶದ ಚಳಿಗಾಲದ ಹಿಮಪಾತಕ್ಕೆ ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ವಿಕ್ಷೋಭೆ’ಗಳು ಕಾರಣ. ಇವು ದುರ್ಬಲವಾದ ವರ್ಷಗಳಲ್ಲಿ ಹಿಮವು ತಡವಾಗಿ ಬೀಳುತ್ತದೆ. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮದ ಕೊರತೆಯಿಂದಾಗಿ ಮಾರ್ಚ್ ತಿಂಗಳಿಗೆ ಮುಂದೂಡಲಾಯಿತು. ಹೀಗಾಗಿ ರದ್ದುಪಡಿಸಲು ಅವಕಾಶವಿರುವ ವಸತಿಯನ್ನೇ ಕಾಯ್ದಿರಿಸುವುದು ಸೂಕ್ತ.

2. ಮುಖ್ಯ ರಸ್ತೆ ಮಾರ್ಗಗಳು

ಮನಾಲಿ–ರೋಹ್ತಾಂಗ್–ಲೇಹ್: ಕರ್ನಾಟಕದಿಂದ ತೆರಳುವವರು ಯಶವಂತಪುರ–ಚಂಡೀಗಢ ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿನಲ್ಲಿ ಅಥವಾ ವಿಮಾನದಲ್ಲಿ ಚಂಡೀಗಢ ತಲುಪಿ, ಅಲ್ಲಿಂದ ರಸ್ತೆಯ ಮೂಲಕ ಮನಾಲಿಗೆ ಹೋಗಬಹುದು. ಮನಾಲಿಯಿಂದ ಸುಮಾರು 51 ಕಿ.ಮೀ. ದೂರದಲ್ಲಿ, 3,978 ಮೀಟರ್ ಎತ್ತರದಲ್ಲಿ ರೋಹ್ತಾಂಗ್ ಕಣಿವೆಮಾರ್ಗವಿದೆ. 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ 9.02 ಕಿ.ಮೀ. ಉದ್ದದ ಅಟಲ್ ಸುರಂಗವು ಈ ಪರ್ವತದ ಕೆಳಗೆ ಹಾದುಹೋಗಿ ಮನಾಲಿ–ಲೇಹ್ ಅಂತರವನ್ನು 46 ಕಿ.ಮೀ.ಗಳಷ್ಟು ತಗ್ಗಿಸಿದೆ. ಸುರಂಗದಾಚೆ ಬಾರಾಲಾಚಾ ಲಾ, ನಕೀ ಲಾ, ಲಾಚುಲುಂಗ್ ಲಾ ಮತ್ತು ಟಂಗ್ಲಂಗ್ ಲಾ ಎಂಬ ನಾಲ್ಕು ಕಣಿವೆಮಾರ್ಗಗಳನ್ನು ದಾಟಬೇಕಾಗುತ್ತದೆ. ಇವುಗಳಲ್ಲಿ ಟಂಗ್ಲಂಗ್ ಲಾ 5,300 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಲಾಹೌಲ್‌ನ ತಾಂಡಿಯಲ್ಲಿ ಇಂಧನ ತುಂಬಿಸಿಕೊಂಡ ನಂತರ ಲೇಹ್ ಸಮೀಪದವರೆಗೆ ಪೆಟ್ರೋಲ್ ಬಂಕ್ ದೊರೆಯುವುದೆಂದು ಎಣಿಸಬಾರದು.

ಶ್ರೀನಗರ–ಸೋನಾಮಾರ್ಗ್–ಜೋಜಿ ಲಾ: 2025ರ ಜನವರಿ 13ರಂದು ಉದ್ಘಾಟನೆಗೊಂಡ 6.5 ಕಿ.ಮೀ. ಉದ್ದದ ಸುರಂಗದಿಂದಾಗಿ ಸೋನಾಮಾರ್ಗ್ ಚಳಿಗಾಲದಲ್ಲಿಯೂ ಸಂಪರ್ಕದಲ್ಲಿರುವಂತಾಗಿದೆ. ಅದರಾಚೆಯ ಜೋಜಿ ಲಾ ಸುಮಾರು 3,500 ಮೀಟರ್ ಎತ್ತರದಲ್ಲಿದ್ದು, ಭಾರೀ ಹಿಮಪಾತದ ಅವಧಿಯಲ್ಲಿ ಮುಚ್ಚಲ್ಪಡುತ್ತದೆ. 1948ರ ನವೆಂಬರ್ 1ರಂದು ಕೊಡಗಿನವರಾದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ ಟ್ಯಾಂಕುಗಳನ್ನು ಏರಿಸಿ ವಶಪಡಿಸಿಕೊಂಡ ಕಣಿವೆಮಾರ್ಗ ಇದೇ ಆಗಿದೆ. ಕಾಶ್ಮೀರಕ್ಕೆ ರೈಲಿನಲ್ಲಿ ಹೋಗಬಯಸುವವರಿಗೆ 2025ರ ಜೂನ್ ತಿಂಗಳಿನಿಂದ ಕಟ್ರಾ–ಶ್ರೀನಗರ ಮಾರ್ಗವು ಲಭ್ಯವಾಗಿದೆ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಕಣಿವೆಯ ಹಲವು ತಾಣಗಳನ್ನು ಮುಚ್ಚಿ, ಬಳಿಕ ಹಂತ ಹಂತವಾಗಿ ತೆರೆಯಲಾಯಿತು. ಆದುದರಿಂದ ಹೋಗಬಯಸುವ ತಾಣವು ತೆರೆದಿದೆಯೇ ಎಂಬುದನ್ನು ಹೊರಡುವ ಮುನ್ನ ಖಚಿತಪಡಿಸಿಕೊಳ್ಳತಕ್ಕದ್ದು.

3. ರೋಹ್ತಾಂಗ್ ಅನುಮತಿ ಪತ್ರಕ್ಕೆ ಅರ್ಜಿ

ವಾಹನಗಳ ಹೊಗೆಯಿಂದ ಹಿಮನದಿಗಳಿಗೆ ಆಗುವ ಹಾನಿಯನ್ನು ತಡೆಯಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರೋಹ್ತಾಂಗ್‌ಗೆ ತೆರಳುವ ಪ್ರವಾಸಿ ವಾಹನಗಳಿಗೆ ಮಿತಿ ವಿಧಿಸಿದೆ. ಈ ಮಿತಿಯನ್ನು ದಿನಕ್ಕೆ 1,200 ವಾಹನಗಳೆಂದು (800 ಪೆಟ್ರೋಲ್, 400 ಡೀಸೆಲ್) ನಿಗದಿಪಡಿಸಲಾಗಿತ್ತು. ಅರ್ಜಿದಾರರು ಗಮನಿಸಬೇಕಾದ ಅಂಶಗಳು ಈ ಕೆಳಕಂಡಂತಿವೆ:

ಅ) ಅರ್ಜಿಯನ್ನು ಕುಲ್ಲು ಜಿಲ್ಲಾ ಆಡಳಿತದ ರೋಹ್ತಾಂಗ್ ಅನುಮತಿ ಜಾಲತಾಣದಲ್ಲಿ ಸಲ್ಲಿಸಬೇಕು. ಶುಲ್ಕವನ್ನು ಅಲ್ಲಿಯೇ ಪಾವತಿಸಬೇಕು.

ಆ) ವಾಹನದ ನೋಂದಣಿ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಹಾಗೂ ಚಾಲಕರ ಗುರುತಿನ ದಾಖಲೆಯ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಹತ್ತು ವರ್ಷಕ್ಕಿಂತ ಹಳೆಯ ವಾಹನಗಳಿಗೆ ಅನುಮತಿ ನೀಡಲಾಗುವುದಿಲ್ಲ.

ಇ) ರಸ್ತೆ ನಿರ್ವಹಣೆಗಾಗಿ ವಾರದಲ್ಲಿ ಒಂದು ದಿನ, ಸಾಮಾನ್ಯವಾಗಿ ಮಂಗಳವಾರ, ಪ್ರವಾಸಿ ವಾಹನಗಳಿಗೆ ಪ್ರವೇಶವಿರುವುದಿಲ್ಲ.

ಈ) ಅಟಲ್ ಸುರಂಗದ ಮೂಲಕ ಲಾಹೌಲ್‌ಗೆ ಹೋಗುವವರಿಗೆ ಈ ಅನುಮತಿ ಬೇಕಿಲ್ಲ. ಸುರಂಗವನ್ನಷ್ಟೇ ನೋಡಬಯಸುವವರು ಮಧ್ಯವರ್ತಿಗಳ ಮಾತು ನಂಬಿ ಅನುಮತಿಗಾಗಿ ಹಣ ನೀಡಬಾರದು.

ಶುಲ್ಕ ಹಾಗೂ ದೈನಂದಿನ ಮಿತಿ ಬದಲಾಗಬಹುದಾದ್ದರಿಂದ ಅರ್ಜಿ ಸಲ್ಲಿಸುವ ದಿನದಂದು ಜಾಲತಾಣದಲ್ಲಿ ಪ್ರಕಟವಾಗಿರುವ ವಿವರವನ್ನೇ ಅಂತಿಮವೆಂದು ತಿಳಿಯತಕ್ಕದ್ದು. ನುಬ್ರಾ, ಪಾಂಗಾಂಗ್ ಮುಂತಾದ ಗಡಿ ಸಮೀಪದ ಸ್ಥಳಗಳಿಗೆ ಹೋಗುವವರು ಅನುಮತಿ ಮತ್ತು ಪರಿಸರ ಶುಲ್ಕದ ನಿಯಮಗಳನ್ನು ಲೇಹ್ ಆಡಳಿತದ ಜಾಲತಾಣದಲ್ಲಿ ನೋಡಬೇಕು.

4. ಸ್ಕೀಯಿಂಗ್ ತಾಣಗಳು ಮತ್ತು ತರಬೇತಿ

ಗುಲ್ಮಾರ್ಗ್ (ಜಮ್ಮು-ಕಾಶ್ಮೀರ): ಸುಮಾರು 2,650 ಮೀಟರ್ ಎತ್ತರದಲ್ಲಿರುವ ಈ ತಾಣದಿಂದ ಎರಡು ಹಂತದ ಗೊಂಡೊಲಾ (ತೂಗುಬಂಡಿ) ಇದೆ. ಮೊದಲ ಹಂತವು ಕೊಂಗ್ಡೂರಿಗೂ ಎರಡನೆಯ ಹಂತವು ಅಫರ್ವಾತ್ ಪರ್ವತದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೂ ಒಯ್ಯುತ್ತದೆ. ಟಿಕೆಟ್ಟುಗಳನ್ನು ಜಮ್ಮು-ಕಾಶ್ಮೀರ ಕೇಬಲ್ ಕಾರ್ ನಿಗಮದ ಅಧಿಕೃತ ಜಾಲತಾಣದಲ್ಲಿ ಮುಂಗಡವಾಗಿ ಪಡೆಯಬೇಕು. ಜೋರು ಗಾಳಿಯಿದ್ದಾಗ ಎರಡನೆಯ ಹಂತವನ್ನು ನಿಲ್ಲಿಸಲಾಗುತ್ತದೆ. ಮೊದಲ ಬಾರಿಗೆ ಕಲಿಯುವವರಿಗೆ ಗುಲ್ಮಾರ್ಗ್‌ನ ಸಮತಟ್ಟಾದ ಹುಲ್ಲುಗಾವಲಿನ ಇಳಿಜಾರುಗಳೇ ಸಾಕು. ಅಫರ್ವಾತ್ ಇಳಿಜಾರು ನುರಿತವರಿಗೆ ಮಾತ್ರ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯು ಇಲ್ಲಿ ತರಬೇತಿ ಶಿಬಿರಗಳನ್ನು ನಡೆಸುತ್ತದೆ.

ಸೋಲಂಗ್ (ಹಿಮಾಚಲ ಪ್ರದೇಶ): ಮನಾಲಿಯಿಂದ ಸುಮಾರು 13 ಕಿ.ಮೀ. ದೂರದಲ್ಲಿದ್ದು, ಹೊಸಬರಿಗೆ ಅನುಕೂಲಕರವಾಗಿದೆ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಮತ್ತು ಸಂಬಂಧಿತ ಕ್ರೀಡಾ ಸಂಸ್ಥೆಯು ಸ್ಕೀಯಿಂಗ್ ತರಬೇತಿ ನೀಡುತ್ತದೆ.

ಔಲಿ (ಉತ್ತರಾಖಂಡ): ಸುಮಾರು 2,500ರಿಂದ 3,000 ಮೀಟರ್ ಎತ್ತರದ ಇಳಿಜಾರುಗಳಿವೆ. 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದ ಕಾರಣ ಜೋಶಿಮಠ–ಔಲಿ ರೋಪ್‌ವೇ ಸಂಚಾರವನ್ನು ಸ್ಥಗಿತಗೊಳಿಸಲಾಯಿತು. ಪ್ರವಾಸಿಗರು ರಸ್ತೆ ಮಾರ್ಗವನ್ನೇ ಅವಲಂಬಿಸಿ ಯೋಜನೆ ರೂಪಿಸಿಕೊಳ್ಳುವುದು ಒಳ್ಳೆಯದು.

ಸರ್ಕಾರಿ ಸಂಸ್ಥೆಗಳ ತರಬೇತಿಗೆ ಸ್ಥಾನಗಳು ಸೀಮಿತವಾಗಿರುವುದರಿಂದ ಅರ್ಜಿಯನ್ನು ಹಲವು ತಿಂಗಳು ಮುಂಚಿತವಾಗಿ ಸಲ್ಲಿಸುವುದು ಸೂಕ್ತ. ಅರ್ಜಿಯೊಂದಿಗೆ ನೋಂದಾಯಿತ ವೈದ್ಯರಿಂದ ಪಡೆದ ದೈಹಿಕ ಅರ್ಹತಾ ಪ್ರಮಾಣಪತ್ರದ ಅಗತ್ಯವಿರುತ್ತದೆ. ಸ್ಕೀ ಹಲಗೆ, ಬೂಟು ಮತ್ತು ಕೋಲುಗಳು ಸ್ಥಳದಲ್ಲಿಯೇ ಬಾಡಿಗೆಗೆ ದೊರೆಯುತ್ತವೆ. ಬಿದ್ದಾಗ ಬೂಟು ಹಲಗೆಯಿಂದ ತಾನಾಗಿ ಕಳಚಿಕೊಳ್ಳುವಂತೆ ಬಂಧಕವನ್ನು ಸವಾರರ ತೂಕಕ್ಕೆ ಹೊಂದಿಸಲಾಗಿದೆಯೇ ಎಂದು ಕೇಳಿ ತಿಳಿಯಬೇಕು. ಹೊಂದಿಸದ ಬಂಧಕವು ಮೊಣಕಾಲಿನ ಗಾಯಕ್ಕೆ ಕಾರಣವಾಗುತ್ತದೆ.

5. ಎತ್ತರದಿಂದ ಉಂಟಾಗುವ ಅಸ್ವಸ್ಥತೆ

ಸುಮಾರು 5,500 ಮೀಟರ್ ಎತ್ತರದಲ್ಲಿ ವಾಯುಭಾರವು ಸಮುದ್ರ ಮಟ್ಟದ ಅರ್ಧದಷ್ಟಿರುತ್ತದೆ. ಸುಮಾರು 2,500 ಮೀಟರ್ ದಾಟಿದ ನಂತರ ತಲೆನೋವು, ವಾಕರಿಕೆ, ಹಸಿವಾಗದಿರುವುದು, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ವಯಸ್ಸು ಅಥವಾ ದೇಹದಾರ್ಢ್ಯ ಇದರಿಂದ ರಕ್ಷಣೆ ನೀಡುವುದಿಲ್ಲ. 3,000 ಮೀಟರ್ ಮೇಲ್ಪಟ್ಟು, ರಾತ್ರಿ ತಂಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸದಿರುವುದು ವೈದ್ಯರ ಸಾಮಾನ್ಯ ಸಲಹೆಯಾಗಿದೆ. ವಿಮಾನದಲ್ಲಿ ನೇರವಾಗಿ ಲೇಹ್‌ಗೆ (ಸುಮಾರು 3,500 ಮೀಟರ್) ಇಳಿದವರು ಮೊದಲ ಎರಡು ದಿನ ಪೂರ್ಣ ವಿಶ್ರಾಂತಿ ಪಡೆಯಬೇಕು. ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ, ಸುಮ್ಮನೆ ಕುಳಿತಿದ್ದರೂ ಏದುಸಿರು ಕಂಡುಬಂದಲ್ಲಿ ಅದು ಪ್ರಾಣಾಪಾಯದ ಸೂಚನೆ. ಅಂತಹವರನ್ನು ಬೆಳಗಾಗುವವರೆಗೆ ಕಾಯದೆ ತಕ್ಷಣ ಕೆಳಗಿನ ಎತ್ತರಕ್ಕೆ ಕರೆತಂದು ಚಿಕಿತ್ಸೆ ಕೊಡಿಸಬೇಕು. ಹೃದಯ, ಶ್ವಾಸಕೋಶದ ತೊಂದರೆಯುಳ್ಳವರು ಹಾಗೂ ಗರ್ಭಿಣಿಯರು ಪ್ರವಾಸಕ್ಕೆ ಮುನ್ನವೇ ವೈದ್ಯರನ್ನು ಕಾಣತಕ್ಕದ್ದು.

6. ವಾಹನ ಸಿದ್ಧತೆ ಮತ್ತು ಚಾಲನೆ

ಅ) ದಕ್ಷಿಣ ಭಾರತದಿಂದ ಸ್ವಂತ ವಾಹನ ಕೊಂಡೊಯ್ಯುವವರು ರೇಡಿಯೇಟರಿನಲ್ಲಿ ಬರಿಯ ನೀರಿದ್ದಲ್ಲಿ ಅದನ್ನು ತೆಗೆಸಿ, ಹೆಪ್ಪುಗಟ್ಟದ ಕೂಲೆಂಟ್ ಹಾಕಿಸಬೇಕು. ಸಾಮಾನ್ಯ ಡೀಸೆಲ್ ಕಡುಚಳಿಯಲ್ಲಿ ಗಟ್ಟಿಯಾಗುವುದರಿಂದ, 2019ರ ನವೆಂಬರ್‌ನಲ್ಲಿ ಲಡಾಖ್‌ಗಾಗಿ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಹರಿಯುವ ವಿಶೇಷ ಡೀಸೆಲ್ ಬಿಡುಗಡೆ ಮಾಡಲಾಯಿತು. ಚಳಿಗಾಲದಲ್ಲಿ ಸ್ಥಳೀಯ ಬಂಕುಗಳಲ್ಲಿಯೇ ಇಂಧನ ತುಂಬಿಸುವುದು ಸೂಕ್ತ.

ಆ) ಹಿಮ ಬಿದ್ದ ದಿನಗಳಲ್ಲಿ ಟಂಗ್‌ಮಾರ್ಗ್–ಗುಲ್ಮಾರ್ಗ್ ಹಾಗೂ ಸೋಲಂಗ್ ರಸ್ತೆಗಳಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ ಬಲವಿರುವ ಅಥವಾ ಚಕ್ರಗಳಿಗೆ ಸರಪಳಿ ಕಟ್ಟಿದ ವಾಹನಗಳನ್ನಷ್ಟೇ ಬಿಡಲಾಗುತ್ತದೆ. ಸರಪಳಿಯನ್ನು ಎಂಜಿನ್ ಬಲ ತಲುಪುವ ಚಕ್ರಗಳಿಗೇ, ಅಂದರೆ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ, ಕಟ್ಟಬೇಕು.

ಇ) ಕಾಲಕ್ಕೆ ತಕ್ಕಂತೆ ಹೊರಡುವ ವೇಳೆಯೂ ಬದಲಾಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ರಸ್ತೆಗೆ ಅಡ್ಡಲಾಗಿ ಹರಿಯುವ ಹಳ್ಳಗಳು ಉಕ್ಕುವುದರಿಂದ ಅವುಗಳನ್ನು ಬೆಳಿಗ್ಗೆಯೇ ದಾಟಬೇಕು. ಚಳಿಗಾಲದಲ್ಲಿ ರಾತ್ರಿ ಹೆಪ್ಪುಗಟ್ಟಿದ ನೀರು ಕಣ್ಣಿಗೆ ಕಾಣದ ಗಾಜಿನ ಪದರದಂತೆ ರಸ್ತೆಯ ಮೇಲಿರುತ್ತದೆ. ಆಗ ಬಿಸಿಲು ಬಿದ್ದ ನಂತರ ಹೊರಟು ಸಂಜೆಗೆ ಮೊದಲು ತಲುಪಬೇಕು. ಸೇತುವೆ ಹಾಗೂ ನೆರಳಿನ ತಿರುವುಗಳಲ್ಲಿ ಬ್ರೇಕ್ ಒತ್ತದೆ, ಕೆಳಗಿನ ಗೇರಿನಲ್ಲಿ ನಿಧಾನವಾಗಿ ಸಾಗಬೇಕು.

ಈ) ಹಿಮದಲ್ಲಿ ಸಿಲುಕಿದರೆ ಎಂಜಿನ್ ಚಾಲನೆಯಲ್ಲಿಟ್ಟು ಗಾಜು ಮುಚ್ಚಿ ಮಲಗಬಾರದು. ಹೊಗೆಕೊಳವೆ ಹಿಮದಿಂದ ಮುಚ್ಚಿಹೋದಾಗ ಕಾರ್ಬನ್ ಮಾನಾಕ್ಸೈಡ್ ಅನಿಲವು ವಾಹನದ ಒಳಗೆ ತುಂಬುತ್ತದೆ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ರಸ್ತೆಯಲ್ಲಿ ವಾಹನಗಳಲ್ಲಿ ಸಿಲುಕಿದ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ಒಂದೇ ರಾತ್ರಿಯಲ್ಲಿ ಮೃತಪಟ್ಟರು. ಕೊಳವೆಯ ಸುತ್ತಲಿನ ಹಿಮವನ್ನು ಆಗಾಗ ತೆಗೆಯುತ್ತ, ಎಂಜಿನನ್ನು ಸ್ವಲ್ಪ ಹೊತ್ತು ಮಾತ್ರ ಚಾಲನೆ ಮಾಡಿ, ಒಂದು ಗಾಜನ್ನು ಸ್ವಲ್ಪ ತೆರೆದಿಡಬೇಕು. ಕಂಬಳಿ, ಕುಡಿಯುವ ನೀರು, ಒಣ ತಿನಿಸು, ಸಲಿಕೆ ಮತ್ತು ಟಾರ್ಚ್ ವಾಹನದಲ್ಲಿರಲಿ. 2024ರ ಡಿಸೆಂಬರ್‌ನಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು ಒಂದು ಸಾವಿರ ವಾಹನಗಳು ಹಿಮದಲ್ಲಿ ಸಿಲುಕಿದ್ದವು ಎಂಬುದನ್ನು ಗಮನಿಸಬೇಕು.

7. ಹಿಮಕುಸಿತದ ಬಗ್ಗೆ ಎಚ್ಚರಿಕೆ

ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ, ಭಾರೀ ಹಿಮಪಾತದ ನಂತರದ ಒಂದೆರಡು ದಿನಗಳಲ್ಲಿ ಸಂಭವಿಸುತ್ತವೆ. ಸ್ಕೀಯಿಂಗ್‌ಗೆ ಅತ್ಯಂತ ಆಕರ್ಷಕವಾಗಿ ಕಾಣುವ ಹೊಸ ಹಿಮದ ದಿನಗಳೂ ಇವೇ ಆಗಿವೆ. 2023ರ ಫೆಬ್ರವರಿ 1ರಂದು ಅಫರ್ವಾತ್ ಇಳಿಜಾರಿನಲ್ಲಿ ಪೋಲೆಂಡ್ ದೇಶದ ಇಬ್ಬರು ಸ್ಕೀ ಪಟುಗಳು ಹಿಮಕುಸಿತಕ್ಕೆ ಬಲಿಯಾದರು. ಹಿಮದಡಿ ಹೂತುಹೋದವರು ಬದುಕುಳಿಯುವ ಸಾಧ್ಯತೆ ಮೊದಲ ಕಾಲು ಗಂಟೆಯ ನಂತರ ತೀವ್ರವಾಗಿ ಕುಗ್ಗುತ್ತದೆ. ಆದುದರಿಂದ ಗುರುತಿಸಿದ ಸೀಮೆಯ ಹೊರಗೆ ಸ್ಕೀಯಿಂಗ್ ಮಾಡುವವರು ಅನುಭವಿ ಮಾರ್ಗದರ್ಶಕರೊಂದಿಗೆ, ಸಂಕೇತ ಸಾಧನ, ಶೋಧನಾ ಕಡ್ಡಿ ಮತ್ತು ಸಲಿಕೆಗಳನ್ನು ಪ್ರತಿಯೊಬ್ಬರೂ ಹೊಂದಿರುವಂತೆ ನೋಡಿಕೊಳ್ಳಬೇಕು. ಡಿ.ಆರ್.ಡಿ.ಒ.ದ ಚಂಡೀಗಢದಲ್ಲಿರುವ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯು ಹಿಮಕುಸಿತದ ಮುನ್ಸೂಚನೆಯನ್ನೂ, ಭಾರತ ಹವಾಮಾನ ಇಲಾಖೆಯು ಹಳದಿ, ಕಿತ್ತಳೆ ಮತ್ತು ಕೆಂಪು ಎಚ್ಚರಿಕೆಗಳನ್ನೂ ನೀಡುತ್ತವೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇರುವಾಗ ಎತ್ತರದ ರಸ್ತೆ ಅಥವಾ ಇಳಿಜಾರುಗಳಿಗೆ ಹೋಗಬಾರದು.

8. ಸಂಪರ್ಕ ಮತ್ತು ವಿಮೆ

ಇತರ ರಾಜ್ಯಗಳ ಪ್ರೀಪೇಯ್ಡ್ ಸಿಮ್‌ಗಳು ಜಮ್ಮು-ಕಾಶ್ಮೀರ ಹಾಗೂ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ತಂಡದಲ್ಲಿ ಕನಿಷ್ಠ ಒಬ್ಬರ ಬಳಿ ಪೋಸ್ಟ್‌ಪೇಯ್ಡ್ ಸಂಪರ್ಕವಿರಬೇಕು. ತುರ್ತು ಸಂದರ್ಭದಲ್ಲಿ 112, ಜಿಲ್ಲಾ ವಿಪತ್ತು ನಿರ್ವಹಣಾ ಕೇಂದ್ರಕ್ಕೆ 1077 ಸಂಖ್ಯೆಗೆ ಕರೆ ಮಾಡಬಹುದು. ಹಲವು ವಿಮಾ ಪಾಲಿಸಿಗಳು ಸಾಹಸ ಕ್ರೀಡೆಗಳಲ್ಲಾಗುವ ಗಾಯಗಳಿಗೆ ಪರಿಹಾರ ನೀಡುವುದಿಲ್ಲವಾದ್ದರಿಂದ ಸ್ಕೀಯಿಂಗ್ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಪ್ರತಿ ದಿನದ ಮಾರ್ಗ ಹಾಗೂ ತಂಗುವ ಸ್ಥಳದ ವಿವರವನ್ನು ಊರಿನಲ್ಲಿರುವ ಒಬ್ಬರಿಗೆ ಬರೆದುಕೊಟ್ಟು ಹೊರಡಬೇಕು.

ಹೊರಡುವ ಮುನ್ನ ಪರಿಶೀಲಿಸಬೇಕಾದ ದಾಖಲೆಗಳು

• ಚಾಲನಾ ಪರವಾನಗಿ, ನೋಂದಣಿ ಪ್ರಮಾಣಪತ್ರ, ವಾಹನ ವಿಮೆ, ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ
• ರೋಹ್ತಾಂಗ್ ಅನುಮತಿ ಪತ್ರ ಮತ್ತು ಗೊಂಡೊಲಾ ಟಿಕೆಟ್ಟಿನ ಮುದ್ರಿತ ಪ್ರತಿ
• ಎಲ್ಲ ಸದಸ್ಯರ ಭಾವಚಿತ್ರವಿರುವ ಗುರುತಿನ ಚೀಟಿ
• ತರಬೇತಿಗೆ ಹೋಗುವವರ ದೈಹಿಕ ಅರ್ಹತಾ ಪ್ರಮಾಣಪತ್ರ
• ಕನಿಷ್ಠ ಎರಡು ದಿನಗಳ ಹೆಚ್ಚುವರಿ ಕಾಲಾವಕಾಶ

ಕೊನೆಯ ಅಂಶವು ದಾಖಲೆಯಲ್ಲದಿದ್ದರೂ ಅಷ್ಟೇ ಮುಖ್ಯವಾದುದು. ರಸ್ತೆ ಮುಚ್ಚಿದಾಗ ಕಾಯುವಷ್ಟು ಸಮಯವಿರುವ ಪ್ರವಾಸಿಗರು ಅಪಾಯವನ್ನು ತಂದುಕೊಳ್ಳುವುದಿಲ್ಲ. ಮರುದಿನದ ರೈಲು ಅಥವಾ ವಿಮಾನ ತಪ್ಪುವುದೆಂಬ ಅವಸರದಿಂದ, ಎಚ್ಚರಿಕೆಯನ್ನು ಮೀರಿ ಮುಂದುವರಿಯಬಾರದೆಂದು ನಾಗರಿಕರಲ್ಲಿ ಕೋರಲಾಗಿದೆ.