ಆಟಕ್ಕೆ ಬೇಕಾದ ವೇಗ ಯಾವುದು?

ಮನೆಗೆ ಇಂಟರ್ನೆಟ್ ಸಂಪರ್ಕ ಪಡೆಯುವಾಗ ನಾವೆಲ್ಲರೂ ಮೊದಲು ನೋಡುವುದು ಒಂದೇ ಅಂಕಿಯನ್ನು: ಸೆಕೆಂಡಿಗೆ ಎಷ್ಟು ಮೆಗಾಬಿಟ್ಟುಗಳು ಎಂಬುದನ್ನು. ಮೂವತ್ತಕ್ಕಿಂತ ನೂರು ಮೇಲು, ನೂರಕ್ಕಿಂತ ಮುನ್ನೂರು ಮೇಲು ಎಂಬುದು ಸಾಮಾನ್ಯವಾದ ಎಣಿಕೆ. ದೂರದ ಎದುರಾಳಿಗಳೊಡನೆ ಆಡುವ ಆಟಗಳ ಗೀಳು ಹತ್ತಿದ ತರುಣರಂತೂ ಅತಿ ದೊಡ್ಡ ಅಂಕಿಗೇ ಹಣ ಕೊಡಿರೆಂದು ಹಿರಿಯರನ್ನು ಕಾಡುವುದುಂಟು. ತಿಂಗಳು ತಿಂಗಳೂ ಹೆಚ್ಚು ಹಣ ತೆತ್ತ ಮೇಲೂ, ಮೊದಲು ಗುಂಡು ಹಾರಿಸಿದವರು ತಾವಾದರೂ ಸತ್ತವರು ತಾವೇ ಆಗುವ ದುರವಸ್ಥೆ ಅವರಿಗೆ ತಪ್ಪುವುದಿಲ್ಲ. ಹೀಗೇಕೆ?

‘ವೇಗ’ವೆಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ನಾವು ಬೆರೆಸಿಬಿಟ್ಟಿರುವುದೇ ಇದಕ್ಕೆ ಕಾರಣ. ಮೆಗಾಬಿಟ್ಟುಗಳ ಲೆಕ್ಕವು ಹೇಳುವುದು ದಾರಿಯ ಅಗಲವನ್ನು. ಹತ್ತು ಬಂಡಿಗಳು ಸಾಲಾಗಿ ಸಾಗಬಲ್ಲ ಹೆದ್ದಾರಿಯಲ್ಲಿ ಹೊರಟ ಒಂಟಿ ಸೈಕಲ್ ಸವಾರನು, ಜನರಿಲ್ಲದ ಓಣಿಯಲ್ಲಿ ಹೋಗುವುದಕ್ಕಿಂತ ಬೇಗನೆ ಊರು ಸೇರುವನೆ? ಇಲ್ಲ. ಎರಡನೆಯ ಸಂಗತಿ ವಿಳಂಬ. ಎಂದರೆ, ಸುದ್ದಿಯು ನಮ್ಮ ಮನೆಯಿಂದ ಹೊರಟು, ಆಟವನ್ನು ನಡೆಸುವ ಸರ್ವರನ್ನು ಮುಟ್ಟಿ, ಉತ್ತರವು ಮರಳಿ ಬರಲು ಹಿಡಿಯುವ ಕಾಲ. ಆಟಗಾರರು ‘ಪಿಂಗ್’ ಎಂದು ಕರೆಯುವುದು ಇದನ್ನೇ. ಇದನ್ನು ಮಿಲಿಸೆಕೆಂಡುಗಳಲ್ಲಿ, ಸೆಕೆಂಡಿನ ಸಾವಿರದಲ್ಲೊಂದು ಭಾಗಗಳಲ್ಲಿ, ಅಳೆಯುತ್ತಾರೆ.

ಆಟವು ಕಳುಹಿಸುವ ಸುದ್ದಿಯಾದರೂ ಎಷ್ಟು? ಸಾಮಾನ್ಯವಾಗಿ ಚಿತ್ರಗಳನ್ನು ಬಿಡಿಸುವ ಕೆಲಸವೆಲ್ಲ ಮನೆಯ ಯಂತ್ರದಲ್ಲಿಯೇ ನಡೆಯುತ್ತದೆ. ಹೊರಗೆ ಹೋಗುವವು ‘ಎಡಕ್ಕೆ ತಿರುಗಿದೆ, ಗುಂಡಿ ಒತ್ತಿದೆ’ ಎಂಬಂಥ ಪುಟ್ಟ ಪ್ಯಾಕೆಟ್ಟುಗಳು. ಒಂದು ಪ್ಯಾಕೆಟ್ಟು 200 ಬೈಟುಗಳಷ್ಟಿದೆ ಎಂದು ಇಟ್ಟುಕೊಳ್ಳೋಣ. ಅದರಲ್ಲಿ 1,600 ಬಿಟ್ಟುಗಳಾದವು. ಅದನ್ನು ದಾರಿಗೆ ಬಿಡಲು 30 ಮೆಗಾಬಿಟ್ಟಿನ ಸಂಪರ್ಕಕ್ಕೆ ಸುಮಾರು 0.05 ಮಿಲಿಸೆಕೆಂಡು ಬೇಕು. 300 ಮೆಗಾಬಿಟ್ಟಿನದಕ್ಕೆ 0.005 ಸಾಕು. ದಾರಿಯನ್ನು ಹತ್ತು ಪಟ್ಟು ಅಗಲ ಮಾಡಿ ನಾವು ಗಳಿಸಿದ್ದು ಮಿಲಿಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲನ್ನೂ ಮುಟ್ಟಲಿಲ್ಲ!

ಉಳಿದ ಕಾಲವನ್ನು ನುಂಗುವುದು ಮೊದಲನೆಯದಾಗಿ ದೂರ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಬೆಂಗಳೂರಿನಿಂದ ಮುಂಬಯಿಯ ಸರ್ವರಿಗೆ ಎಳೆಯ ಮಾರ್ಗವು 1,000 ಕಿಲೋಮೀಟರ್ ಎಂದುಕೊಂಡರೆ, ಹೋಗಿ ಬರಲು 10 ಮಿಲಿಸೆಕೆಂಡು ಬೇಕೇ ಬೇಕು. ಸರ್ವರು ಸಿಂಗಪುರದಲ್ಲಿದ್ದರೆ ನೇರ ದೂರವೇ ಸುಮಾರು 3,200 ಕಿಲೋಮೀಟರ್. 32 ಮಿಲಿಸೆಕೆಂಡಿಗಿಂತ ಕಡಿಮೆ ಮಾಡುವುದು ಆ ಗಾಜಿನ ಎಳೆಯಿಂದ ಸಾಧ್ಯವಿಲ್ಲ. ಎಷ್ಟೇ ಹಣ ತೆತ್ತರೂ ಬೆಳಕು ಓಡಲೊಲ್ಲದು. ಭೂಸ್ಥಿರ ಉಪಗ್ರಹದ ಪಾಡಂತೂ ಇನ್ನೂ ಕಷ್ಟ. ಅದು ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಏರಿ ಇಳಿಯಬೇಕು, ಉತ್ತರವೂ ಏರಿ ಇಳಿಯಬೇಕು. ನಾಲ್ಕು ಪಯಣಗಳಿಗೆ ಹೆಚ್ಚುಕಡಿಮೆ 480 ಮಿಲಿಸೆಕೆಂಡು, ಅರ್ಧ ಸೆಕೆಂಡು! ಅಂಥ ಸಂಪರ್ಕವು 100 ಮೆಗಾಬಿಟ್ಟಿನದಾದರೂ, ಆಟಕ್ಕೆ 10 ಮೆಗಾಬಿಟ್ಟಿನ ಗಾಜಿನ ಎಳೆಯೇ ಲೇಸು. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್‌ನಂಥ ಉಪಗ್ರಹಗಳಿಗೆ ಈ ದೋಷ ತಟ್ಟುವುದಿಲ್ಲ.

ಎರಡನೆಯದು ಸರದಿಯ ಸಾಲು. ಮನೆಯಲ್ಲಿ ಒಬ್ಬರು ಆಡುತ್ತಿರುವಾಗ ಇನ್ನೊಬ್ಬರು ಮದುವೆಯ ವೀಡಿಯೋವನ್ನು ನೆಂಟರಿಗೆ ಕಳುಹಿಸತೊಡಗಿದರು ಎನ್ನಿ. ಹೊರಹೋಗುವ ದಾರಿ ಕಿರಿದಾಗಿದ್ದರೆ ಪ್ಯಾಕೆಟ್ಟುಗಳು ಮೋಡೆಮ್ಮಿನ ನೆನಪಿನ ಕೋಣೆಯಲ್ಲಿ ನಿಂತು ಕಾಯುತ್ತವೆ. ಆ ಕೋಣೆಯು 2,50,000 ಬೈಟುಗಳನ್ನು ಹಿಡಿಯುವಂಥದಾಗಿ, ದಾರಿಯು ಸೆಕೆಂಡಿಗೆ 1 ಮೆಗಾಬಿಟ್ಟಿನದಾದರೆ, ಕೋಣೆ ತುಂಬಿದಾಗ ಕೊನೆಗೆ ಬಂದ ಪ್ಯಾಕೆಟ್ಟು 2 ಸೆಕೆಂಡು ನಿಲ್ಲಬೇಕು. ಬಡಪಾಯಿ ಆಟದ ಪ್ಯಾಕೆಟ್ಟು ನಿಂತಿರುವುದು ಅಲ್ಲಿಯೇ! ಅಮೆರಿಕದ ಜಿಮ್ ಗೆಟಿಸ್ ಎಂಬವರು 2010ರ ವೇಳೆಗೆ ಈ ರೋಗದತ್ತ ಎಲ್ಲರ ಗಮನವನ್ನು ಸೆಳೆದು ಅದಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಇದಕ್ಕೆ ‘ಕೋಡೆಲ್’ ಎಂಬ ಮದ್ದನ್ನು ಪ್ರಕಟಿಸಿದರು. ಸಾಲಿನ ಉದ್ದವನ್ನಲ್ಲ, ಪ್ಯಾಕೆಟ್ಟು ಎಷ್ಟು ಹೊತ್ತು ಕಾಯಿತೆಂಬುದನ್ನು ಅದು ಗಮನಿಸುತ್ತದೆ. ಕಾಯುವಿಕೆ ಬಹುಕಾಲ ಮಿತಿಮೀರಿದರೆ ಕೆಲವು ಪ್ಯಾಕೆಟ್ಟುಗಳನ್ನು ಎಸೆದುಬಿಡುತ್ತದೆ. ಕಳುಹಿಸುತ್ತಿರುವ ಯಂತ್ರವು ಅದರಿಂದಲೇ ಸುಳಿವು ಪಡೆದು ನಿಧಾನಿಸುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಈ ಮದ್ದು ನಮ್ಮ ರೌಟರಿನಲ್ಲಿದ್ದು, ಸಾಲು ಬೆಳೆಯುವುದು ಮುಂದಿನ ಮೋಡೆಮ್ಮಿನಲ್ಲಾದರೆ ಪ್ರಯೋಜನವಿಲ್ಲ. ಆದುದರಿಂದ ರೌಟರಿನ ಮಿತಿಯನ್ನು ತಂತಿಯ ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗಿಡುತ್ತಾರೆ. ಸಾಲು ಆಗ ರೌಟರಿನಲ್ಲಿಯೇ, ಮದ್ದಿನ ಕೈಗೆ ಸಿಗುವಂತೆ, ನಿಲ್ಲುತ್ತದೆ. ಬೇಕೆಂದೇ ಸಂಪರ್ಕವನ್ನು ನಿಧಾನಗೊಳಿಸಿ ಆಟವನ್ನು ಚುರುಕುಗೊಳಿಸುವ ಉಪಾಯವಿದು!

ಹಾಗೆಂದು ಅಗಲವು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. 50 ಗಿಗಾಬೈಟಿನ ಆಟವೊಂದನ್ನು ಇಳಿಸಿಕೊಳ್ಳಲು 300 ಮೆಗಾಬಿಟ್ಟಿನಲ್ಲಿ ಸುಮಾರು 22 ನಿಮಿಷ ಸಾಕು. 30ರಲ್ಲಿ ಮೂರೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಐದಾರು ಮಂದಿ ಒಮ್ಮೆಗೇ ಚಲನಚಿತ್ರ ನೋಡುವ ಮನೆಗೂ ಅಗಲವಾದ ದಾರಿಯೇ ಬೇಕು. ಒಬ್ಬಿಬ್ಬರಿರುವ ಮನೆಯಲ್ಲಿ ಆಟಕ್ಕಾಗಿಯೇ ಮುನ್ನೂರನ್ನು ಕೊಳ್ಳುವುದು ಮಾತ್ರ ದುಂದು ಎಂಬುದು ನಮ್ಮ ಅಭಿಪ್ರಾಯ. ಆ ಹಣದ ಅಲ್ಪ ಭಾಗದಲ್ಲಿ ರೌಟರಿನಿಂದ ಗಣಕಕ್ಕೆ ಒಂದು ತಂತಿ ಎಳೆದರೆ, ವೈ-ಫೈಯಲ್ಲಿ ನೆರೆಮನೆಗಳ ಅಲೆಗಳೊಡನೆ ಪೈಪೋಟಿ ನಡೆಸುವ ಕಾಟವಾದರೂ ತಪ್ಪುತ್ತದೆ.

ಸಂಪರ್ಕವನ್ನು ಬದಲಿಸುವ ಮುನ್ನ ಒಂದು ಪರೀಕ್ಷೆಯನ್ನು ಓದುಗರು ತಾವೇ ಮಾಡಬಹುದು. ಮನೆಯಲ್ಲಿ ಬೇರಾರೂ ಇಂಟರ್ನೆಟ್ ಬಳಸದಿರುವಾಗ ಆಟದ ಪಿಂಗ್ ಎಷ್ಟೆಂದು ಬರೆದಿಟ್ಟುಕೊಳ್ಳಿರಿ. ಅನಂತರ ದೊಡ್ಡ ಕಡತವೊಂದನ್ನು ಹೊರಕ್ಕೆ ಕಳುಹಿಸುತ್ತ ಮತ್ತೆ ನೋಡಿರಿ. 20 ಇದ್ದುದು 400ಕ್ಕೆ ಏರಿದರೆ, ದೋಷವಿರುವುದು ಸಾಲಿನಲ್ಲಿ. ಏನೂ ನಡೆಯದಿರುವಾಗಲೇ, ತಂತಿಯನ್ನು ನೇರವಾಗಿ ಜೋಡಿಸಿದ್ದರೂ, 120 ಇದ್ದರೆ, ಸರ್ವರು ದೂರದಲ್ಲಿದೆ ಇಲ್ಲವೆ ಸುದ್ದಿ ಸುತ್ತುಬಳಸಿ ಹೋಗುತ್ತಿದೆ. ಆಟದ ಪಟ್ಟಿಯಲ್ಲಿ ಹತ್ತಿರದ ಸರ್ವರನ್ನು ಆರಿಸಿಕೊಂಡು ಮತ್ತೊಮ್ಮೆ ಅಳೆದು ನೋಡಬೇಕು.